ಖದ್ಯೋತದ ಬೆಳಕು: ಸಹ್ಯಾದ್ರಿಯ ಮಿಂಚುಹುಳು ಮತ್ತು ಅದರ ಮಾನವೋಪಯೋಗ

ಮುಂಬಯಿಯಿಂದ ಹೊರಟ ರೈಲು ಕಸಾರಾ ಘಟ್ಟವನ್ನೇರಿ, ಇಗತಪುರಿ ಮತ್ತು ಘೋಟಿಗಳನ್ನು ದಾಟಿದ ಮೇಲೆ, ನಾಸಿಕ ರೋಡಿಗಿಂತ ಮೊದಲು ದೇವಳಾಲಿ ಎಂಬ ನಿಲ್ದಾಣ ಬರುತ್ತದೆ. ಅದರ ಬಳಿಯ ದಂಡುಪ್ರದೇಶವೇ ದೇವಳಾಲಿ ಕ್ಯಾಂಪ್. ಆಂಗ್ಲರ ಆಳ್ವಿಕೆಯಲ್ಲಿ ಸೇವಾವಧಿ ಮುಗಿಸಿದ ಸೈನಿಕರು ಸ್ವದೇಶಕ್ಕೆ ಮರಳುವ ಹಡಗಿಗಾಗಿ ಇಲ್ಲಿ ತಿಂಗಳುಗಟ್ಟಲೆ ಕಾದಿರುತ್ತಿದ್ದರು. ಆ ಕಾಯುವಿಕೆಯ ಬೇಸರದಿಂದ ಬುದ್ಧಿ ಕೆಟ್ಟವನನ್ನು ಕುರಿತು ಹುಟ್ಟಿದ ‘ಡೂಲಾಲಿ’ ಎಂಬ ಮಾತು ಇಂಗ್ಲಿಷ್ ನಿಘಂಟುಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಈಗ ಈ ಊರು ಫಿರಂಗಿದಳದ ಶಿಕ್ಷಣಕೇಂದ್ರವೆಂದು ಪ್ರಸಿದ್ಧವಾಗಿದೆ.

ಈ ಪರಿಸರಕ್ಕೆ ಸಂಬಂಧಿಸಿದ ಎರಡು ಬೆಳಕುಗಳುಂಟು. ಮೊದಲನೆಯದು ಮನುಷ್ಯನಿರ್ಮಿತ. ದೇವಳಾಲಿಗೆ ಹೊಂದಿಕೊಂಡಂತಿರುವ ನಾಸಿಕ ರೋಡಿನಲ್ಲಿ ೧೯೨೮ರಲ್ಲಿ ಸ್ಥಾಪಿತವಾದ ನೋಟು ಮುದ್ರಣಾಲಯವಿದೆ. ಭಾರತದ ನೋಟುಗಳ ಸಂಖ್ಯೆಗಳನ್ನು ವಿಶೇಷವಾದ ಮಸಿಯಿಂದ ಅಚ್ಚುಹಾಕಿ, ಕಾಗದದಲ್ಲಿ ಸೂಕ್ಷ್ಮವಾದ ಎಳೆಗಳನ್ನು ಸೇರಿಸಿರುತ್ತಾರೆ. ಹಗಲಿನಲ್ಲಿ ಇವುಗಳ ವಿಶೇಷ ತೋರದು; ನೇರಳಾತೀತ ದೀಪದ ಕೆಳಗೆ ಹಿಡಿದೊಡನೆ ಹೊಳೆಯುತ್ತವೆ. ಬ್ಯಾಂಕುಗಳ ನಗದು ವಿಭಾಗದಲ್ಲಿ ದುಡಿಯುವವರಿಗೆ ಇದು ನಿತ್ಯದ ಅನುಭವ. ಎರಡನೆಯ ಬೆಳಕು ನಿಸರ್ಗದ್ದು. ನಾಸಿಕದಿಂದ ಸುಮಾರು ೭೦ ಕಿಲೋಮೀಟರ್ ದೂರದ ಭಂಡಾರದರೆಯ ಕಾಡುಗಳಲ್ಲಿ, ಮೇ ತಿಂಗಳ ಕೊನೆಯಿಂದ ಜೂನ್ ಮಧ್ಯದವರೆಗೆ, ಮುಂಗಾರಿಗೆ ಮುಂಚಿನ ಕೆಲವು ರಾತ್ರಿಗಳಲ್ಲಿ, ಮರಮರಗಳ ಮೇಲೆ ಕೋಟಿ ಕಿಡಿಗಳಂತೆ ಮಿನುಗುವ ಮಿಂಚುಹುಳುಗಳ ಬೆಳಕು ಅದು.

ನೋಟಿನ ಎಳೆಯ ಹೊಳಪು ಸಾಲದ ಬೆಳಕು; ಹೊರಗಿನ ಕಿರಣವನ್ನು ಹೀರಿ ಅದನ್ನೇ ಬೇರೆ ಬಣ್ಣದಲ್ಲಿ ಹಿಂದಿರುಗಿಸುತ್ತದೆ. ದೀಪ ಆರಿದರೆ ಅದೂ ಆರುತ್ತದೆ. ಮಿಂಚುಹುಳುವಿನ ಬೆಳಕಾದರೋ ಅದರ ದೇಹದಲ್ಲಿಯೇ ಹುಟ್ಟಿದ್ದು. ವೇದಾಂತಿಗಳ ಪರಿಭಾಷೆಯನ್ನು ಎರವಲು ಪಡೆದು ಹೇಳುವುದಾದರೆ ಒಂದು ಪರಪ್ರಕಾಶ, ಇನ್ನೊಂದು ಸ್ವಪ್ರಕಾಶ. ಇನ್ನೂ ಒಂದು ಭೇದವಿದೆ. ನೋಟಿನ ಹೊಳಪನ್ನು ಕಾಣಲು ದೀಪವನ್ನು ಹಚ್ಚಬೇಕು. ಹುಳುವಿನ ಹೊಳಪನ್ನು ಕಾಣಲು ದೀಪವನ್ನು ಆರಿಸಬೇಕು. ಮನುಷ್ಯನು ಈ ಕೀಟವನ್ನು ಯಾವ ಯಾವ ರೀತಿಯಲ್ಲಿ ಉಪಯೋಗಿಸಿಕೊಂಡಿದ್ದಾನೆಂಬುದನ್ನು ವಿಚಾರಿಸುವಾಗ ಈ ಎರಡನೆಯ ಭೇದವೇ ಕೊನೆಗೆ ಮುಖ್ಯವಾಗಿ ನಿಲ್ಲುತ್ತದೆ.

೧. ಹೆಸರು ಮತ್ತು ಉಪಮೆ

ಕನ್ನಡದ ಮಿಂಚುಹುಳು, ಮಿಣುಕುಹುಳು ಎಂಬ ಹೆಸರುಗಳು ಸೋದರಭಾಷೆಗಳ ಹೆಸರುಗಳೊಡನೆ ಸ್ಪಷ್ಟವಾಗಿ ಹೊಂದಿಕೊಳ್ಳುತ್ತವೆ. ತಮಿಳಿನಲ್ಲಿ ಮಿನ್ಮಿನಿ, ಮಲಯಾಳದಲ್ಲಿ ಮಿನ್ನಾಮಿನುಂಗು, ತೆಲುಗಿನಲ್ಲಿ ಮಿಣುಗುರು ಪುರುಗು. ಇವೆಲ್ಲವೂ ಹೊಳೆಯುವಿಕೆಯನ್ನು ಸೂಚಿಸುವ ‘ಮಿನ್’ ಎಂಬ ದ್ರಾವಿಡ ಮೂಲದಿಂದ ಬಂದವು. ಮಿಂಚು, ಮಿನುಗು ಎಂಬ ಶಬ್ದಗಳೂ ಅದೇ ಬೇರಿನ ಚಿಗುರುಗಳು. ಮರಾಠಿಯಲ್ಲಿ ಇದು ಕಾಜವಾ. ಸಂಸ್ಕೃತದಲ್ಲಿ ಅಮರಕೋಶವು ಇದಕ್ಕೆ ಖದ್ಯೋತ, ಜ್ಯೋತಿರಿಂಗಣ ಎಂಬ ಎರಡು ಹೆಸರುಗಳನ್ನು ಕೊಡುತ್ತದೆ. ಮೊದಲನೆಯದು ಆಕಾಶದಲ್ಲಿ ಬೆಳಗುವುದು, ಎರಡನೆಯದು ಚಲಿಸುವ ಜ್ಯೋತಿ. ಇವುಗಳಲ್ಲಿ ಒಂದು ಹೆಸರೂ ಹುಳುವಿನ ಹುಟ್ಟನ್ನಾಗಲಿ, ಆಹಾರವನ್ನಾಗಲಿ, ನೆಲೆಯನ್ನಾಗಲಿ ಹೇಳುವುದಿಲ್ಲ. ಎಲ್ಲವೂ ಬೆಳಕನ್ನೇ ಹೇಳುತ್ತವೆ. ಹೆಸರಿಟ್ಟ ಕಾಲದಿಂದಲೇ ಮನುಷ್ಯನ ಕಣ್ಣು ಹುಳುವಿನ ಬೆಳಕಿನ ಮೇಲೆ ಮಾತ್ರ ಇತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಮನುಷ್ಯನು ಮಿಂಚುಹುಳುವಿನಿಂದ ಪಡೆದ ಪ್ರಥಮ ಉಪಯೋಗ ಉಪಮೆಯೆಂದರೆ ತಪ್ಪಾಗದು. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಹದಿನೈದು ದಿನ ಅನ್ನವನ್ನು ಬಿಡಿಸುತ್ತಾನೆ. ಆಗ ಮಗನಿಗೆ ಕಲಿತ ವೇದವೇ ನೆನಪಿಗೆ ಬಾರದು. ದೊಡ್ಡ ಬೆಂಕಿ ಆರಿ ಖದ್ಯೋತದಷ್ಟು ಕೆಂಡವೊಂದೇ ಉಳಿದರೆ ಅದು ಹೆಚ್ಚೇನನ್ನೂ ಸುಡಲಾರದಷ್ಟೆ. ಆದರೆ ಹುಲ್ಲಿಟ್ಟು ಊದಿದರೆ ಮತ್ತೆ ಪ್ರಜ್ವಲಿಸುತ್ತದೆಂದು ತಂದೆ ತಿಳಿಯಹೇಳುತ್ತಾನೆ. ಶ್ವೇತಾಶ್ವತರೋಪನಿಷತ್ತು ಯೋಗಿಗೆ ಬ್ರಹ್ಮದರ್ಶನಕ್ಕೆ ಮುನ್ನ ತೋರುವ ರೂಪಗಳಲ್ಲಿ ಮಂಜು, ಹೊಗೆ, ಸೂರ್ಯ, ಮಿಂಚು, ಚಂದ್ರರೊಡನೆ ಖದ್ಯೋತವನ್ನೂ ಎಣಿಸಿದೆ. ಕಾಳಿದಾಸನ ಮೇಘದೂತದಲ್ಲಿ ಯಕ್ಷನು ಮೋಡವನ್ನು ಕುರಿತು, ತನ್ನ ಮನೆಯೊಳಗೆ ಇಣುಕುವಾಗ ಮಿಂಚಿನ ನೋಟವನ್ನು ಮಿಂಚುಹುಳುಗಳ ಸಾಲಿನಷ್ಟು ಮೃದುವಾಗಿಸಿಕೊಳ್ಳೆಂದು ಬೇಡುತ್ತಾನೆ. ಪಂಡಿತರ ವಾದಗಳಲ್ಲಿಯೋ ಈ ಹುಳುವಿಗೆ ಅಷ್ಟು ಗೌರವ ದೊರೆಯಲಿಲ್ಲ. ಸೂರ್ಯನ ಮುಂದೆ ಮಿಂಚುಹುಳು ಎಂಬುದು ಎದುರಾಳಿಯನ್ನು ಹಳಿಯುವ ಮಾತಾಯಿತು.

ಪಂಚತಂತ್ರದ ಕೆಲವು ಪಾಠಗಳಲ್ಲಿ ಬರುವ ಕಥೆಯೊಂದು ಇಲ್ಲಿ ಹೆಚ್ಚು ಪ್ರಸ್ತುತವಾದುದು. ಚಳಿಯಿಂದ ನಡುಗುತ್ತಿದ್ದ ಕಪಿಗಳು ಮಿಂಚುಹುಳುವನ್ನು ಕಂಡು ಬೆಂಕಿಯೆಂದು ಭ್ರಮಿಸಿ, ಅದರ ಮೇಲೆ ಒಣಹುಲ್ಲು ಹೇರಿ ಮೈ ಕಾಯಿಸಲು ಕುಳಿತುಕೊಳ್ಳುತ್ತವೆ. ಅದು ಬೆಂಕಿಯಲ್ಲವೆಂದು ಬುದ್ಧಿ ಹೇಳಹೋದ ಹಕ್ಕಿ ಅವುಗಳ ಕೈಯಲ್ಲಿ ಸಾಯುತ್ತದೆ. ಬೇರೆ ಪಾಠಗಳಲ್ಲಿ ಹುಳುವಿನ ಸ್ಥಾನದಲ್ಲಿ ಗುಲಗಂಜಿಯಿದೆ. ಯೋಗ್ಯನಲ್ಲದವನಿಗೆ ಉಪದೇಶ ಮಾಡಬಾರದೆಂಬುದು ಕಥೆಯ ನೀತಿ. ಆದರೆ ಅದರ ಬುನಾದಿಯಲ್ಲಿರುವುದು ಒಂದು ನಿಸರ್ಗಸತ್ಯ: ಈ ಬೆಳಕಿಗೆ ಬಿಸಿಯಿಲ್ಲ. ಈ ಸಂಗತಿಯ ಕಾರಣವನ್ನು ವಿಜ್ಞಾನ ವಿವರಿಸುವುದಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಕಾಯಬೇಕಾಯಿತು.

೨. ದೀಪವಾಗಿ ಹುಳು

ಗೀಜಗನ ಹಕ್ಕಿ ತನ್ನ ತೂಗುಗೂಡಿನೊಳಗೆ ಹಸಿಮಣ್ಣನ್ನು ಮೆತ್ತಿ, ಅದಕ್ಕೆ ಮಿಂಚುಹುಳುವನ್ನು ಅಂಟಿಸಿ, ಮರಿಗಳಿಗೆ ದೀಪ ಮಾಡಿಕೊಳ್ಳುತ್ತದೆಂಬ ನಂಬಿಕೆ ನಮ್ಮ ದೇಶದ ಅನೇಕ ಕಡೆ ಬಳಕೆಯಲ್ಲಿದೆ. ಗೂಡಿನಲ್ಲಿ ಮಣ್ಣು ಮೆತ್ತಿರುವುದು ಸತ್ಯ. ಹುಳುವನ್ನು ದೀಪವಾಗಿಡುವುದಕ್ಕೆ ಮಾತ್ರ ಪಕ್ಷಿಶಾಸ್ತ್ರಜ್ಞರಿಂದ ಆಧಾರ ದೊರೆತಿಲ್ಲ. ೧೯೩೦ರಲ್ಲಿ ಸಲೀಂ ಅಲಿಯವರು ಮುಂಬಯಿಯ ಎದುರಿನ ಕರಾವಳಿಯ ಕಿಹೀಮಿನಲ್ಲಿ ಗೀಜಗನ ಬಾಳುವೆಯನ್ನು ಗೂಡು ಕಟ್ಟುವ ಕಾಲದುದ್ದಕ್ಕೂ ನೋಡಿ ಬರೆದ ಪ್ರಬಂಧ ಸುಪ್ರಸಿದ್ಧವಾದುದು. ಹಕ್ಕಿಗೆ ಇಲ್ಲದ ಈ ಬಯಕೆ ಮನುಷ್ಯನದೇ ಇರಬೇಕು. ತನ್ನ ಗುಡಿಸಲಿನ ಕತ್ತಲೆಯನ್ನು ನೆನೆದೇ ಅವನು ಹಕ್ಕಿಯ ಗೂಡಿನಲ್ಲಿ ದೀಪವನ್ನು ಕಂಡಿರಬೇಕು.

ಮನುಷ್ಯನು ಹುಳುವನ್ನು ನಿಜವಾಗಿಯೇ ದೀಪ ಮಾಡಿಕೊಂಡ ನಿದರ್ಶನಗಳೂ ಉಂಟು. ಚೀನಾದ ಜಿನ್ ರಾಜವಂಶದ ಕಾಲದ ಚೆ ಯಿನ್ ಎಂಬ ಬಡ ವಿದ್ಯಾರ್ಥಿ ಎಣ್ಣೆಗೆ ಹಣವಿಲ್ಲದೆ ತೆಳುವಾದ ರೇಷ್ಮೆಚೀಲದಲ್ಲಿ ಮಿಂಚುಹುಳುಗಳನ್ನು ತುಂಬಿ ಅವುಗಳ ಬೆಳಕಿನಲ್ಲಿ ಓದಿ ದೊಡ್ಡ ಅಧಿಕಾರಿಯಾದನೆಂಬುದು ಆ ನಾಡಿನ ಮಕ್ಕಳೆಲ್ಲ ಬಲ್ಲ ಕಥೆ. ಜಪಾನಿನ ಶಾಲೆಗಳಲ್ಲಿ ವಿದಾಯದ ದಿನ ಹಾಡುವ ಗೀತೆಗೆ ಹೆಸರು ಬಂದದ್ದೂ ಈ ಕಥೆಯಿಂದಲೇ. ಅಮೆರಿಕೆಯ ಉಷ್ಣವಲಯದಲ್ಲಿ ಕುಕೂಯೋ ಎಂಬ ಇನ್ನೊಂದು ಜಾತಿಯ ದುಂಬಿಯಿದೆ. ಅದರ ಬೆಳಕು ಮಿಂಚುಹುಳುವಿನದಕ್ಕಿಂತ ಪ್ರಖರವಾದುದು ಮತ್ತು ಮಿಣುಕದೆ ನಿಲ್ಲುವಂತಹದು. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ರಾತ್ರಿಯ ಕೆಲಸಕ್ಕೂ ಪ್ರಯಾಣಕ್ಕೂ ಇದನ್ನು ಬಳಸುತ್ತಿದ್ದುದನ್ನು ಹದಿನಾರನೆಯ ಶತಮಾನದ ಸ್ಪೇನಿನ ಚರಿತ್ರಕಾರರು ದಾಖಲಿಸಿದ್ದಾರೆ.

ದೀಪದ ಅಗತ್ಯ ತೀರಿದ ಮೇಲೂ ಹುಳುವಿನ ವ್ಯಾಪಾರ ನಿಲ್ಲಲಿಲ್ಲ. ಜಪಾನಿನ ಬೀವಾ ಸರೋವರದ ಬಳಿಯ ಮೋರಿಯಾಮಾ ಎಂಬ ಊರು ಮಿಂಚುಹುಳುಗಳಿಗೆ ಹೆಸರುವಾಸಿಯಾಗಿತ್ತು. ಅಲ್ಲಿ ಹಿಡಿದ ಹುಳುಗಳನ್ನು ದೊಡ್ಡ ನಗರಗಳ ಉದ್ಯಾನ ಮತ್ತು ಹೋಟೆಲುಗಳಿಗೆ ಅಲಂಕಾರಕ್ಕಾಗಿ ಕಳಿಸಲಾಗುತ್ತಿತ್ತು. ಹಿಡಿಯುವವರ ಕೈಗೂ ತೊರೆಗಳ ಮಾಲಿನ್ಯಕ್ಕೂ ಸಿಕ್ಕಿದ ಹುಳುಗಳು ಕ್ರಮೇಣ ಆ ಊರಿನಿಂದಲೇ ಮರೆಯಾದವು. ಈಗ ಅದೇ ಊರಿನವರು ಹುಳುಗಳನ್ನು ಸಾಕಿ, ತೊರೆಗಳನ್ನು ಶುಚಿಗೊಳಿಸಿ, ಕಳೆದುಕೊಂಡದ್ದನ್ನು ಮರಳಿ ಪಡೆಯಲು ಯತ್ನಿಸುತ್ತಿದ್ದಾರೆ. ಈ ಉದಾಹರಣೆಯನ್ನು ಮುಂದೆ ಭಂಡಾರದರೆಯ ವಿಚಾರ ಬಂದಾಗ ನೆನೆಯತಕ್ಕದ್ದಾಗಿದೆ.

೩. ಪ್ರಯೋಗಶಾಲೆಯಲ್ಲಿ ಹುಳು

೧೮೮೫ರಿಂದ ೧೮೮೭ರ ಅವಧಿಯಲ್ಲಿ ಫ್ರಾನ್ಸಿನ ರಫಾಯೆಲ್ ದ್ಯುಬ್ವಾ ಎಂಬ ವಿಜ್ಞಾನಿ, ಮೊದಲು ಕುಕೂಯೋ ದುಂಬಿಯಿಂದಲೂ ಅನಂತರ ಹೊಳೆಯುವ ಒಂದು ಕಡಲಚಿಪ್ಪಿನಿಂದಲೂ ರಸಗಳನ್ನು ತೆಗೆದು, ಜೀವದ ಬೆಳಕು ಎರಡು ದ್ರವ್ಯಗಳ ಕೂಟದಿಂದ ಹುಟ್ಟುವುದೆಂದು ತೋರಿಸಿಕೊಟ್ಟನು. ಉರಿಯುವ ದ್ರವ್ಯಕ್ಕೆ ಲ್ಯೂಸಿಫೆರಿನ್ ಎಂದೂ ಉರಿಸುವ ಕಿಣ್ವಕ್ಕೆ ಲ್ಯೂಸಿಫೆರೇಸ್ ಎಂದೂ ಹೆಸರಾಯಿತು. ಹಣತೆಯ ದೃಷ್ಟಾಂತದಿಂದ ಹೇಳುವುದಾದರೆ ಮೊದಲನೆಯದು ಎಣ್ಣೆ, ಎರಡನೆಯದು ಬತ್ತಿ. ಎಣ್ಣೆ ವ್ಯಯವಾಗುತ್ತದೆ, ಬತ್ತಿ ಉಳಿದು ಮತ್ತೆ ಮತ್ತೆ ಕೆಲಸಕ್ಕೆ ಬರುತ್ತದೆ. ಗಾಳಿಯ ಆಮ್ಲಜನಕ ಎರಡು ದೀಪಗಳಿಗೂ ಬೇಕು.

೧೯೪೭ರಲ್ಲಿ ಅಮೆರಿಕೆಯ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಮೆಕೆಲ್ರಾಯ್ ಮತ್ತೊಂದು ಸಂಗತಿಯನ್ನು ಕಂಡುಹಿಡಿದನು. ಎಣ್ಣೆಬತ್ತಿಗಳೆರಡೂ ಇದ್ದರೂ ಎ.ಟಿ.ಪಿ. ಎಂಬ ಮೂರನೆಯ ದ್ರವ್ಯವಿಲ್ಲದಿದ್ದರೆ ಮಿಂಚುಹುಳುವಿನ ದೀಪ ಹತ್ತುವುದಿಲ್ಲ. ಈ ಎ.ಟಿ.ಪಿ. ಎಂಬುದು ಮಿಂಚುಹುಳುವಿನ ಸೊತ್ತಲ್ಲ. ಗಿಡ, ಪ್ರಾಣಿ, ಸೂಕ್ಷ್ಮಾಣು ಎನ್ನದೆ ಜೀವಕೋಶಗಳೆಲ್ಲವೂ ಶಕ್ತಿಯ ಲೇವಾದೇವಿಗೆ ಬಳಸುವ ನಾಣ್ಯ ಅದು. ಆದುದರಿಂದ ಇದರ ಫಲ ದೊಡ್ಡದಾಯಿತು. ಹುಳುವಿನ ರಸಗಳನ್ನು ಯಾವುದೇ ವಸ್ತುವಿನ ಮೇಲೆ ಹಾಕಿದಾಗ ಬೆಳಕು ಬಂದರೆ ಅಲ್ಲಿ ಜೀವವಿದೆ, ಅಥವಾ ಜೀವದ ಶೇಷವಿದೆ. ಬೆಳಕು ಎಷ್ಟೋ, ನಾಣ್ಯವೂ ಅಷ್ಟು. ಈ ತತ್ತ್ವವನ್ನು ಅನುಸರಿಸಿಯೇ ಇಂದು ಆಹಾರದ ಕಾರ್ಖಾನೆಗಳಲ್ಲಿ, ಹಾಲಿನ ಡೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಮೇಜು ಪಾತ್ರೆಗಳು ಶುಚಿಯಾಗಿವೆಯೇ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುತ್ತಾರೆ. ಅನ್ಯಗ್ರಹಗಳಲ್ಲಿ ಜೀವವಿದೆಯೇ ಎಂದು ಅರಿಯಲು ಈ ವಿಧಾನವನ್ನು ಬಳಸಬಹುದೇ ಎಂದು ಅಮೆರಿಕೆಯ ಬಾಹ್ಯಾಕಾಶ ಸಂಸ್ಥೆ ೧೯೬೦ರ ದಶಕದಲ್ಲಿ ಶೋಧಿಸಿತ್ತು.

ಕಪಿಗಳು ಅರಿಯದೆ ಹೋದ ತಂಪು ಬೆಳಕಿನ ಗುಟ್ಟೂ ಇಲ್ಲಿಯೇ ಬಯಲಾಯಿತು. ತಂತಿ ಕಾದು ಬೆಳಗುವ ಹಳೆಯ ವಿದ್ಯುದ್ದೀಪದಲ್ಲಿ ಶಕ್ತಿಯ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪಾಲು ಶಾಖವಾಗಿ ಪೋಲಾಗುತ್ತದೆ. ಹುಳುವಿನ ದೇಹದಲ್ಲಿ ವಸ್ತು ಕಾದು ಬೆಳಗುವುದಿಲ್ಲ. ರಾಸಾಯನಿಕ ಕ್ರಿಯೆಯ ಶಕ್ತಿ ನೇರವಾಗಿ ಬೆಳಕಾಗುತ್ತದೆ. ಸುಟ್ಟ ಲ್ಯೂಸಿಫೆರಿನ್ ಅಣುಗಳ ನೂರಕ್ಕೆ ೮೮ರಷ್ಟು ಬೆಳಕಿನ ಕಣವೊಂದನ್ನು ಕೊಡುತ್ತವೆಂದು ೧೯೬೦ರ ಅಳತೆಯಿಂದ ಬಹುಕಾಲ ನಂಬಲಾಗಿತ್ತು. ೨೦೦೮ರಲ್ಲಿ ಜಪಾನಿನ ವಿಜ್ಞಾನಿಗಳು ಹೆಚ್ಚು ನಿಖರವಾದ ಉಪಕರಣಗಳಿಂದ ಅಳೆದು ಈ ಸಂಖ್ಯೆಯನ್ನು ನೂರಕ್ಕೆ ೪೧ ಎಂದು ತಿದ್ದಿದರು. ಸಂಖ್ಯೆ ಇಳಿದರೂ, ಶಾಖವಿಲ್ಲದೆ ಬೆಳಗುವ ವಿದ್ಯೆಯಲ್ಲಿ ಈ ಹುಳುವಿನ ಸ್ಥಾನ ಇಳಿಯಲಿಲ್ಲ.

ಈ ಸಂಶೋಧನೆಗೆ ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೆಕೆಲ್ರಾಯ್ ಬಾಲ್ಟಿಮೋರಿನ ಮಕ್ಕಳಿಗೆ ನೂರು ಹುಳುಗಳಿಗೆ ೨೫ ಸೆಂಟಿನಂತೆ ಕೊಟ್ಟು ಹುಳುಗಳನ್ನು ತರಿಸುತ್ತಿದ್ದನು. ಆಮೇಲೆ ಸೇಂಟ್ ಲೂಯಿಸ್ ನಗರದ ರಾಸಾಯನಿಕ ಕಂಪನಿಯೊಂದು ಹುಳು ಹಿಡಿಯುವವರ ಒಂದು ಸಂಘವನ್ನೇ ಕಟ್ಟಿ, ಕಳೆದ ಶತಮಾನದ ಕೊನೆಯ ದಶಕದವರೆಗೆ ವರ್ಷವರ್ಷವೂ ಲಕ್ಷಾಂತರ ಹುಳುಗಳನ್ನು ಕೊಂಡು ಅವುಗಳ ರಸವನ್ನು ಮಾರುತ್ತಿತ್ತು. ಈ ಸುಗ್ಗಿ ಕೊನೆಗೊಳ್ಳಲು ಕಾರಣವಾದುದು ಕನಿಕರಕ್ಕಿಂತ ಹೆಚ್ಚಾಗಿ ಹೊಸ ವಿದ್ಯೆ. ೧೯೮೫ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಲ್ಯೂಸಿಫೆರೇಸಿನ ವಂಶವಾಹಿಯನ್ನು ಬೇರ್ಪಡಿಸಿ ಬ್ಯಾಕ್ಟೀರಿಯಾದೊಳಗೆ ಇಟ್ಟರು. ಮರುವರ್ಷ ಅದೇ ವಂಶವಾಹಿಯನ್ನು ಹೊತ್ತ ಹೊಗೆಸೊಪ್ಪಿನ ಗಿಡವೊಂದು ಕತ್ತಲೆಯಲ್ಲಿ ಹೊಳೆಯಿತು. ೧೯೯೩ರಲ್ಲಿ, ಕ್ಷಯರೋಗದ ಸೂಕ್ಷ್ಮಾಣುವಿಗೆ ಯಾವ ಔಷಧ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂಬುದನ್ನು ಈ ಬೆಳಕಿನಿಂದಲೇ ಗುರುತಿಸುವ ವಿಧಾನ ಪ್ರಕಟವಾಯಿತು: ಸೂಕ್ಷ್ಮಾಣು ಬದುಕಿದ್ದರೆ ಬೆಳಗುತ್ತದೆ, ಸತ್ತರೆ ಆರುತ್ತದೆ. ಬತ್ತಿ ಈಗ ಬ್ಯಾಕ್ಟೀರಿಯಾದಲ್ಲಿ ತಯಾರಾಗುತ್ತದೆ. ಎಣ್ಣೆಯನ್ನು ರಸಾಯನಶಾಲೆಯಲ್ಲಿ ಕೂಡಿಸುತ್ತಾರೆ. ಪ್ರಯೋಗಶಾಲೆಗೆ ಇಂದು ಕಾಡಿನ ಹುಳು ಬೇಕಾಗಿಲ್ಲ.

೪. ಹುಳುವಿನ ಬಾಳು

ಹುಳುವಿಗೆ ಈ ಬೆಳಕಿನಿಂದ ಏನು ಪ್ರಯೋಜನ? ಭಂಡಾರದರೆಯ ಪ್ರಶ್ನೆ ನಿಂತಿರುವುದು ಇದರ ಉತ್ತರದ ಮೇಲೆ.

ಹೆಸರಿನಲ್ಲಿ ಹುಳುವಾದರೂ ಇದು ದುಂಬಿಗಳ ಗಣಕ್ಕೆ ಸೇರಿದ ಕೀಟ. ಲ್ಯಾಂಪಿರಿಡೇ ಎಂಬ ಇದರ ಕುಟುಂಬದಲ್ಲಿ ಜಗತ್ತಿನಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಇದರ ಆಯುಸ್ಸಿನ ಬಹುಪಾಲು ಕಳೆಯುವುದು ಮರದ ಮೇಲಲ್ಲ, ನೆಲದ ಮೇಲೆ. ಮೊಟ್ಟೆಯೊಡೆದು ಬಂದ ಮರಿಹುಳು ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ಎರಡು ವರ್ಷಗಳವರೆಗೂ, ಒದ್ದೆಮಣ್ಣಿನಲ್ಲಿ, ಕೊಳೆತ ತರಗೆಲೆಗಳ ನಡುವೆ, ಬಸವನಹುಳು ಎರೆಹುಳುಗಳನ್ನು ಬೇಟೆಯಾಡಿ ಬೆಳೆಯುತ್ತದೆ. ಮರಿಯೂ ಬೆಳಗುತ್ತದೆ, ಅದರ ಬೆಳಕು ತಿನ್ನಬಂದವರಿಗೆ ತಾನು ಕಹಿಯೆಂದು ಕೊಡುವ ಎಚ್ಚರಿಕೆ. ರೆಕ್ಕೆ ಬಂದ ಪ್ರೌಢಕೀಟಕ್ಕೆ ಉಳಿಯುವ ಆಯುಸ್ಸು ಕೆಲವು ದಿನಗಳು, ಹೆಚ್ಚೆಂದರೆ ಕೆಲವು ವಾರಗಳು. ಅನೇಕ ಜಾತಿಗಳಲ್ಲಿ ಅದು ಆಹಾರವನ್ನೇ ಮುಟ್ಟುವುದಿಲ್ಲ. ಅದರ ಮುಂದೆ ಉಳಿದಿರುವ ಕೆಲಸ ಒಂದೇ: ಸಂಗಾತಿಯನ್ನು ಕಂಡುಕೊಂಡು ಸಂತತಿಯನ್ನು ಬಿಟ್ಟುಹೋಗುವುದು.

ಗಂಡು ತನ್ನ ಜಾತಿಗೆ ನಿಯತವಾದ ಲಯದಲ್ಲಿ ಮಿಣುಕುತ್ತ ಹಾರುತ್ತದೆ. ಹುಲ್ಲಿನ ಮೇಲೋ ಎಲೆಯ ಮೇಲೋ ಕುಳಿತ ಹೆಣ್ಣು ಆ ಲಯವನ್ನು ಗುರುತಿಸಿ, ನಿಯತವಾದ ಅಂತರ ಬಿಟ್ಟು ಉತ್ತರ ಕೊಡುತ್ತದೆ. ಪ್ರಶ್ನೋತ್ತರಗಳ ಕಾಲ ತಪ್ಪಿದರೆ ಸಂಧಾನ ಮುರಿಯುತ್ತದೆ. ಕವಿಗಳಿಗೆ ಉಪಮೆಯಾಗಿ, ವಿದ್ಯಾರ್ಥಿಗೆ ದೀಪವಾಗಿ, ವಿಜ್ಞಾನಿಗೆ ಮಾಪಕವಾಗಿ ಒದಗಿದ ಈ ಬೆಳಕು ಹುಳುವಿನ ಮಟ್ಟಿಗೆ ಭಾಷೆಯಾಗಿದೆ. ಅದು ಕೇಳಿಸಿಕೊಳ್ಳಲು ಬೇಕಾದ ನಿಶ್ಶಬ್ದವೇ ಕತ್ತಲೆ. ಹತ್ತಿರದಲ್ಲಿ ಪ್ರಖರವಾದ ದೀಪವೊಂದು ಉರಿದರೆ, ಸಂತೆಯ ಗದ್ದಲದಲ್ಲಿ ಪಿಸುಮಾತು ಅಡಗುವಂತೆ, ಈ ಮಾತುಕತೆಯೂ ಅಡಗುತ್ತದೆ. ಇರುವ ಕೆಲವೇ ರಾತ್ರಿಗಳಲ್ಲಿ ಒಂದೆರಡು ಹೀಗೆ ಕಳೆದುಹೋದರೆ ಹುಳುವಿಗೆ ಮರುದಿನವೆಂಬುದು ಇರಲಾರದು. ಜಗತ್ತಿನ ನಾನಾ ದೇಶಗಳ ತಜ್ಞರ ಅಭಿಪ್ರಾಯಗಳನ್ನು ಕ್ರೋಡೀಕರಿಸಿ ೨೦೨೦ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು, ಮಿಂಚುಹುಳುಗಳಿಗೆ ಒದಗಿರುವ ಅಪಾಯಗಳಲ್ಲಿ ನೆಲೆಯ ನಾಶವನ್ನು ಮೊದಲನೆಯದೆಂದೂ, ಕೃತಕ ಬೆಳಕು ಮತ್ತು ಕೀಟನಾಶಕಗಳನ್ನು ಅನಂತರದವೆಂದೂ ಎಣಿಸಿದೆ.

೫. ಭಂಡಾರದರೆಯ ರಾತ್ರಿಗಳು

ಘೋಟಿಯಿಂದ ದಕ್ಷಿಣಕ್ಕೆ ತಿರುಗಿದ ರಸ್ತೆ ಬಾರಿ ಎಂಬ ಹಳ್ಳಿಯ ಬಳಿ ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ೧,೬೪೬ ಮೀಟರಿನ ಕಳಸೂಬಾಯಿಯ ಬುಡವನ್ನು ಹಾದು ಭಂಡಾರದರೆಗೆ ಸೇರುತ್ತದೆ. ಈಗ ಅಹಿಲ್ಯಾನಗರವೆಂದು ಹೆಸರಾಗಿರುವ ಅಹಮದನಗರ ಜಿಲ್ಲೆಯ ಅಕೋಲೆ ತಾಲ್ಲೂಕಿಗೆ ಸೇರಿದ ಊರು ಇದು. ಪ್ರವರಾ ನದಿಗೆ ಕಟ್ಟಿದ ವಿಲ್ಸನ್ ಅಣೆಕಟ್ಟು ಇಲ್ಲಿ ೧೯೨೬ರಲ್ಲಿ ಪೂರ್ಣಗೊಂಡಿತು. ಅದರ ಜಲಾಶಯದ ಸುತ್ತಲಿನ ರತನವಾಡಿ, ಘಾಟಘರ ಮೊದಲಾದ ಹಳ್ಳಿಗಳಲ್ಲಿ ಮಹಾದೇವ ಕೋಳಿ ಮತ್ತು ಠಾಕರ ಜನಾಂಗದವರು ವಾಸಿಸುತ್ತಾರೆ. ೧೯೮೬ರಲ್ಲಿ ಈ ಪ್ರದೇಶ ಕಳಸೂಬಾಯಿ-ಹರಿಶ್ಚಂದ್ರಗಡ ವನ್ಯಜೀವಿಧಾಮವೆಂದು ಘೋಷಿತವಾಯಿತು.

ರೋಹಿಣಿ ಮಳೆಯ ಮೊದಲ ಹನಿಗಳು ಬಿದ್ದ ಮೇಲೆ ಇಲ್ಲಿನ ಅಳಲೆ, ತಾರೆ, ಮತ್ತಿ, ನೇರಳೆ ಮರಗಳಲ್ಲಿ ಕಾಜವಾ ಕಾಣಿಸಿಕೊಳ್ಳುತ್ತದೆ. ಮೃಗಶಿರದ ಮಳೆ ಬಲವಾಗಿ ಹಿಡಿದಾಗ ಮರೆಯಾಗುತ್ತದೆ. ಮಲೆನಾಡಿನ ರೈತನಂತೆಯೇ ಸಹ್ಯಾದ್ರಿಯ ಈ ಪಾರ್ಶ್ವದ ರೈತನಿಗೂ ಇದು ಮುಂಗಾರು ಬಾಗಿಲಿಗೆ ಬಂದಿತೆಂಬ ಕುರುಹು. ಮಳೆಗಾಲದ ಬತ್ತದ ಬೇಸಾಯವೊಂದನ್ನೇ ನೆಚ್ಚಿದ, ಬೇಸಗೆಯ ಕೊನೆಗೆ ಕೈ ಬರಿದಾಗುವ ಈ ಹಳ್ಳಿಗಳಿಗೆ ಅದೇ ಹೊತ್ತಿಗೆ ಹಣ ತರುವ ಹೊಸ ಉಪಯೋಗವೊಂದು ಇತ್ತೀಚಿನ ವರ್ಷಗಳಲ್ಲಿ ಹುಟ್ಟಿಕೊಂಡಿತು. ಅದೇ ಕಾಜವಾ ಮಹೋತ್ಸವ. ಮುಂಬಯಿ, ಪುಣೆ, ನಾಸಿಕಗಳಿಂದ ವಾರದ ಕೊನೆಗೆ ಸಾವಿರಾರು ಜನರು ಬರುತ್ತಾರೆ. ಊಟ, ವಸತಿ, ಡೇರೆ, ದಾರಿ ತೋರುವಿಕೆ ಇವುಗಳಿಂದ ಹಳ್ಳಿಗರಿಗೆ ಆದಾಯವುಂಟು. ಇದೇ ತಾಲ್ಲೂಕಿನ ಪುರುಷವಾಡಿಯಂತಹ ಹಳ್ಳಿಗಳು ಅತಿಥಿಗಳನ್ನು ಮನೆಗಳಲ್ಲಿಯೇ ಇಳಿಸಿಕೊಳ್ಳುವ ಪದ್ಧತಿಯಿಂದ ಹೆಸರು ಗಳಿಸಿವೆ.

ಉಪಮೆ, ದೀಪ, ಮಾಪಕ ಇವುಗಳ ಬಳಿಕ ಬಂದ ಈ ನಾಲ್ಕನೆಯ ಉಪಯೋಗ ನೋಟವೆಂಬುದು. ಇದರಲ್ಲಿ ಹುಳುವನ್ನು ಹಿಡಿಯುವುದಿಲ್ಲ, ಅರೆಯುವುದಿಲ್ಲ, ನೋಡುವುದಷ್ಟೆ. ಆದುದರಿಂದ ಇದು ನಿರಪಾಯವೆಂದು ತೋರುವುದು ಸಹಜ. ವಾಸ್ತವದಲ್ಲಿ ಸಾಲುಗಟ್ಟಿದ ವಾಹನಗಳ ಮುಂದೀಪಗಳು, ಕೈದೀಪಗಳು, ಫೋಟೋ ತೆಗೆಯುವವರ ಮಿಂಚುದೀಪಗಳು, ಮೊಬೈಲಿನ ಪರದೆಗಳು ಆ ಕಾಡಿನ ಕತ್ತಲೆಯನ್ನು ಕದಡುತ್ತವೆ. ಗಂಡುಹುಳುವಿನ ಪ್ರಶ್ನೆ ಉತ್ತರವಿಲ್ಲದೆ ಹೋಗುತ್ತದೆ. ರೆಕ್ಕೆಯಿಲ್ಲದ ಹೆಣ್ಣುಗಳಿರುವ ಜಾತಿಗಳಲ್ಲಿ ಅವು ದಾರಿ ಬಿಟ್ಟು ಹುಲ್ಲಿಗಿಳಿದವರ ಕಾಲಿಗೆ ಸಿಗುತ್ತವೆ. ಮುಂದಿನ ಪೀಳಿಗೆಯನ್ನು ಪೋಷಿಸಬೇಕಾದ ಮಣ್ಣು ಡೇರೆಗಳ ಕೆಳಗೆ ಗಟ್ಟಿಯಾಗುತ್ತದೆ. ಪರಿಸರಾಸಕ್ತರು ಈ ಉತ್ಸವಗಳ ವಿರುದ್ಧ ದನಿಯೆತ್ತಿದ್ದಾರೆ. ಅರಣ್ಯ ಇಲಾಖೆಯೂ ಪ್ರವೇಶ, ವಾಹನ, ಬೆಳಕು, ಗದ್ದಲಗಳ ವಿಷಯದಲ್ಲಿ ನಿರ್ಬಂಧಗಳನ್ನು ವಿಧಿಸಿದೆ.

ಉತ್ಸವವನ್ನು ನಿಲ್ಲಿಸಿಬಿಡುವುದು ಸುಲಭದ ಪರಿಹಾರವೆಂದು ತೋರಬಹುದು. ಆದರೆ ಹುಳುವಿನಿಂದ ನಾಲ್ಕು ಕಾಸು ಕಾಣುವ ಹಳ್ಳಿಗನೇ ಅದರ ಮರವನ್ನು ಕಡಿಯದೆ ಕಾಯುವವನೆಂಬುದನ್ನು ಮರೆಯಲಾಗದು. ಕಾಡಿಗೂ ಹಳ್ಳಿಗೂ ಒಪ್ಪುವ ಮಾರ್ಗವಿದೆಯೆಂಬುದಕ್ಕೆ ಮಲೇಷಿಯಾದ ಸೆಲಂಗೋರ್ ನದಿಯ ದಡದ ಕಂಪುಂಗ್ ಕ್ವಾಂಟಾನ್ ಸಾಕ್ಷಿಯಾಗಿದೆ. ಅಲ್ಲಿನ ಮಿಂಚುಹುಳುಗಳು ಒಂದೇ ತಾಳಕ್ಕೆ ಮಿನುಗುವಂತಹವು. ಪ್ರವಾಸಿಗಳನ್ನು ಯಂತ್ರವಿಲ್ಲದ ದೋಣಿಗಳಲ್ಲಿ ಕುಳ್ಳಿರಿಸಿ, ದೀಪವಿಲ್ಲದೆ, ಹುಟ್ಟುಹಾಕುತ್ತ ಕರೆದೊಯ್ಯುತ್ತಾರೆ. ಹುಟ್ಟುಹಾಕುವ ಅಂಬಿಗನಿಗೆ ಅದೇ ಜೀವನೋಪಾಯ. ಭಂಡಾರದರೆಯಲ್ಲಿಯೂ ವಾಹನಗಳನ್ನು ಊರ ಹೊರಗೆ ತಡೆದು, ಸಣ್ಣ ಗುಂಪುಗಳಾಗಿ, ಹಳ್ಳಿಗನೊಬ್ಬನ ಹಿಂದೆ ಕಾಲುದಾರಿಯಲ್ಲಿಯೇ ನಡೆದುಹೋದರೆ ನೋಡುವವರ ಸಂಖ್ಯೆ ಕಡಿಮೆಯಾದೀತು; ಹಳ್ಳಿಗನ ಪಾಲು ಕಡಿಮೆಯಾಗಬೇಕಾದುದಿಲ್ಲ. ಪ್ರತಿವರ್ಷದ ಬೆಳಕು ಬಡ್ಡಿ. ಒದ್ದೆಮಣ್ಣು, ಹಳೆಯ ಮರ ಮತ್ತು ಕತ್ತಲೆ ಅಸಲು. ಅಸಲಿಗೆ ಕೈಹಾಕಿದ ಮೋರಿಯಾಮಾದ ಗತಿ ಮೇಲೆ ಹೇಳಿದಂತೆಯೇ ಆಯಿತು.

ಹೊರನಾಡಿನ ಕನ್ನಡಿಗರಿಗೆ ಈ ವಿಷಯದಲ್ಲಿ ವಿಶೇಷವಾದ ಸಂಬಂಧವಿದೆ. ಶಿರಸಿ, ಆಗುಂಬೆ, ಕೊಡಗುಗಳಿಂದಲೂ ಕರಾವಳಿಯ ಹಳ್ಳಿಗಳಿಂದಲೂ ಹೊಟ್ಟೆಪಾಡಿಗಾಗಿ ಮುಂಬಯಿ ನಾಸಿಕಗಳಿಗೆ ಬಂದು ನೆಲೆಸಿದವರಲ್ಲಿ ಅನೇಕರಿಗೆ ಮಿಂಚುಹುಳುವೆಂದರೆ ಬಾಲ್ಯದ ಮುಂಗಾರಿನ ರಾತ್ರಿಯೇ ಸರಿ. ನಗರದಲ್ಲಿ ಹುಟ್ಟಿದ ಅವರ ಮಕ್ಕಳಿಗೆ ಇದು ಪಾಠಪುಸ್ತಕದ ಶಬ್ದ. ಆ ಶಬ್ದಕ್ಕೆ ಅರ್ಥವನ್ನು ಕಣ್ಣಾರೆ ತೋರಿಸಬಲ್ಲ ಅತಿ ಸಮೀಪದ ತಾಣಗಳಲ್ಲಿ ಭಂಡಾರದರೆಯೂ ಒಂದು. ತೋರಿಸಲು ಕರೆದೊಯ್ಯುವ ತಂದೆಯ ವಾಹನದ ದೀಪವೇ ಆ ಅರ್ಥವನ್ನು ಅಳಿಸುವಂತಾಗಬಾರದು.

ನೋಟಿನ ಎಳೆ ನಿಜವೋ ಅಲ್ಲವೋ ಎಂದು ಪರೀಕ್ಷಿಸುವವನು ದೀಪವನ್ನು ಹಚ್ಚುತ್ತಾನೆ. ಖದ್ಯೋತದ ಮುಂದೆ ಪರೀಕ್ಷೆಗೆ ನಿಲ್ಲುವವನು ನೋಡುವವನೇ. ಅವನು ದೀಪವನ್ನು ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಬಲ್ಲವನಾದರೆ, ಹೆಣ್ಣುಹುಳು ಹುಲ್ಲಿನಿಂದ ಕೊಡುವ ಉತ್ತರವೂ ಕಾಣಿಸುತ್ತದೆ. ಮುಂದಿನ ವರ್ಷದ ರೋಹಿಣಿ ಮಳೆಗೆ ಅದೇ ಮರದಲ್ಲಿ ಮತ್ತೆ ಬೆಳಕು ಮೂಡುತ್ತದೆ.